ಕಾಸಿದ ಮೈ

ಅಂಗಳದಲ್ಲಿ ಮೂರು ಕಲ್ಲು ಹೂಡಿ ಸೋಮವ್ವ ಆಗಷ್ಟೇ ಒಲೆಗೆ ಏರಿಸಿದ್ದ ನೀರಿನ ಹಂಡೆಯನ್ನು ಮಾಯವ್ವ ಎರಡೂ ಕೈಯಿಂದ ನೂಕಿ ಕೆಡವಿದಳು. ನೀರೆಲ್ಲ ಬೆಂಕಿಯ ಮೇಲೆ ಹರಿದು ಬುಸ್ಸೆಂದು ಹೊಗೆ ಎದ್ದಿತು. ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರು ಕೆಮ್ಮುತ್ತ ಎದ್ದು ನಿಂತರು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಹುಲ್ಲಪ್ಪನ ಹೆಣದ ಸುತ್ತ ಹಾಡಿಕೊಂಡು ಅಳುತ್ತಿದ್ದ ಹೆಂಗಸರು ಅಳುವುದನ್ನು ಬಿಟ್ಟು ಬಾಗಿಲ ಕಡೆ ತಿರುಗಿದರು.

“ನಿನ್ನ ನೀರ ಸಾಕು,” ಅಂದಳು ಮಾಯವ್ವ. “ಜೀವ ಇದ್ದಾಗ ಹಾಕಿದ್ದೇ ಸಾಕಾಗೈತಿ. ನನ್ನ ತಮ್ಮನ ಮೈಮ್ಯಾಲೆ ಇನ್ನ ನಿನ್ನ ಕೈಯಾಗಿಂದ ಒಂದ ಹನಿ ಬೀಳಬಾರ್ದು.”

ಸೋಮವ್ವ ಬಿದ್ದ ಹಂಡೆಯನ್ನು ಎತ್ತಿ ನಿಲ್ಲಿಸಿ, ಹೊಗೆ ಹೊಕ್ಕ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಸಿಟ್ಟು ಬರಲಿಲ್ಲವೆಂದಲ್ಲ, ನಖಶಿಖಾಂತ ಉರಿಯುವಷ್ಟು ಬಂದಿತ್ತು. ಆದರೆ ಆ ಸಿಟ್ಟಿಗೆ ತಕ್ಕ ಮಾತು ಅವಳ ಹತ್ತಿರ ಇದ್ದದ್ದು ಒಂದೇ ಒಂದು. ಅದನ್ನು ಆಡಿಬಿಟ್ಟರೆ ಎಪ್ಪತ್ತು ದಾಟಿದ ಈ ಮುದುಕಿ ಮತ್ತೆ ತಲೆ ಎತ್ತುವಂತಿರಲಿಲ್ಲ.

ಆ ಮನೆತನದಲ್ಲಿ ಗಂಡನ ಹೆಣಕ್ಕೆ ಮೊದಲ ನೀರು ಹೆಂಡತಿಯದು. ಮಕ್ಕಳಿರಲಿ, ಅಕ್ಕ ತಂಗಿಯರಿರಲಿ, ಎಲ್ಲರದೂ ಆಮೇಲೆ. ಯಾವಳಿಗೆ ನೀರು ಹಾಕಗೊಡಲಿಲ್ಲವೋ ಅವಳು ಗಂಡನನ್ನು ತಿಂದುಕೊಂಡವಳು ಎಂದೇ ಊರಿನ ಲೆಕ್ಕ. ಸೋಮವ್ವನ ಚಿಕ್ಕಂದಿನಲ್ಲಿ ಅಂಥ ಒಬ್ಬಳು ಅವಳ ತವರಿನ ಓಣಿಯಲ್ಲಿದ್ದಳು. ಮದುವೆ ಮುಂಜಿಗೆ ಅವಳನ್ನು ಕರೆಯುತ್ತಿರಲಿಲ್ಲ, ಬಾವಿಯಲ್ಲಿ ಅವಳು ಕೊಡ ಇಳಿಬಿಟ್ಟರೆ ಉಳಿದವರು ಹಗ್ಗ ಮೇಲೆಳೆದುಕೊಂಡು ನಿಲ್ಲುತ್ತಿದ್ದರು. ಆಕೆ ಯಾವಾಗ ಸತ್ತಳೆಂಬುದೂ ಯಾರಿಗೂ ನೆನಪಿರಲಿಲ್ಲ.

ನಡುವೆ ಬಂದು ನಿಂತವನು ಗುರಲಿಂಗಪ್ಪ, ಸತ್ತವನ ಚಿಕ್ಕಪ್ಪನ ಮಗ, ರಾಮಥಾಳದ ನಾಲ್ಕು ಜನ ಹಿರಿಯರಲ್ಲಿ ಒಬ್ಬ. ಮಗಳು ರಂಗವ್ವ ಬದಾಮಿಯ ಆಚೆಯಿಂದ ಬರಬೇಕು, ಅವಳು ಬರುವ ತನಕ ಯಾರೂ ನೀರಿನ ಸುದ್ದಿ ತೆಗೆಯುವುದು ಬೇಡ ಎಂದು ಇಬ್ಬರಿಗೂ ಹೇಳಿದ. ಯುಗಾದಿ ಮುಗಿದ ಬಿಸಿಲು, ಹೊತ್ತು ಏರುವ ಮೊದಲೇ ನೆಲ ಕಾಯತೊಡಗಿತ್ತು. ಹೆಣ ಬಹಳ ಹೊತ್ತು ತಾಳುವುದಿಲ್ಲ ಎಂಬ ಮಾತನ್ನು ಮಾತ್ರ ಅವನು ಬಾಯಲ್ಲೇ ನುಂಗಿಕೊಂಡ.

*

ಹುಲ್ಲಪ್ಪ ಕಂಬಳಿ ನೇಯುವವನು. ಅಪ್ಪ ಅಜ್ಜ ಅದನ್ನೇ ಮಾಡಿದ್ದರು, ಅವನೂ ಅದನ್ನೇ ಮಾಡಿದ, ಬೇರೆ ಏನಾದರೂ ಮಾಡಬಹುದಿತ್ತೆಂಬ ಯೋಚನೆ ಅವನಿಗೆ ಬಂದಂತೆ ಕಾಣಲಿಲ್ಲ. ಮುಂಜಾನೆ ಎದ್ದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಊಟಕ್ಕೆ ಏಳುವವನು. ಹುಣಸೆ ಬೀಜದ ಅಂಟು ಸರಿ ಕುದಿಸಿ ನೂಲಿಗೆ ಹಚ್ಚುವ ದಿನ ಮನೆಯೆಲ್ಲ ನಾರುತ್ತಿತ್ತು. ಸೋಮವ್ವ ಮೂಗು ಮುಚ್ಚಿಕೊಂಡರೆ, ಈ ವಾಸನೆಯಿಂದಲೇ ನಿನ್ನ ಹೊಟ್ಟೆ ತುಂಬುತ್ತಿದೆ ಎಂದು ನಗುತ್ತಿದ್ದ. ಇಳಕಲ್ಲಿನ ಸಂತೆಗೆ ಕಂಬಳಿ ಹೊತ್ತು ಹೋಗಿ, ಕೊಳ್ಳುವವರು ಚೌಕಾಸಿ ಮಾಡಿದರೆ ಮಾತಾಡಲಾರದೆ ಅವರು ಕೇಳಿದ್ದಕ್ಕೇ ಕೊಟ್ಟು ಬರುತ್ತಿದ್ದ. ಬೀರಪ್ಪನ ಗುಡಿಗೆ ವರ್ಷಕ್ಕೊಂದು ಕಂಬಳಿ ತಪ್ಪಿಸಲಿಲ್ಲ. ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಇಷ್ಟೇ.

ಇನ್ನೊಂದು ಸಂಗತಿ ಹೆಂಡತಿಗೆ ಮಾತ್ರ ಗೊತ್ತು. ಊರಿಗೆಲ್ಲ ಹೊದಿಸುವ ಈ ಮನುಷ್ಯ ತಾನು ಎಂದೂ ಹೊದ್ದು ಮಲಗಿದವನಲ್ಲ. ಮೈಯಲ್ಲಿ ಅದೆಂಥ ಕಾವೋ, ಪುಷ್ಯ ಮಾಸದ ಚಳಿಯಲ್ಲೂ ಅಂಗಿ ತೆಗೆದು ಕಟ್ಟೆಯ ಮೇಲೆ ಮಲಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಸೋಮವ್ವ ಕಾಳಜಿಯಿಂದ ಕಂಬಳಿ ಹೊದಿಸಿದರೆ ನಿದ್ದೆಯಲ್ಲೇ ಕಾಲಿನಿಂದ ಒದ್ದು ಆಚೆ ಹಾಕುವನು. ಅವಳು ಮತ್ತೆ ಹೊದಿಸುವಳು, ಅವನು ಮತ್ತೆ ಒದೆಯುವನು. ಕಡೆಗೆ ಅವಳೇ ಸೋತು ಆ ಕಂಬಳಿಯನ್ನು ತಾನು ಹೊದ್ದುಕೊಂಡಳು.

ಅವನನ್ನು ಬೆಳೆಸಿದವಳು ಮಾಯವ್ವ. ತಾಯಿ ಸತ್ತಾಗ ಹುಲ್ಲಪ್ಪ ಇನ್ನೂ ಮೊಲೆಯ ಕೂಸು, ಮಾಯವ್ವ ಹನ್ನೆರಡರ ಹುಡುಗಿ. ಆಡಿನ ಹಾಲು ಕುಡಿಸಿ, ಎದೆಗೆ ಕಟ್ಟಿಕೊಂಡು ತಮ್ಮನನ್ನು ಉಳಿಸಿಕೊಂಡಳು. ಮುಂದೆ ಮದುವೆಯಾಯಿತು, ಬೇಗನೆ ಗಂಡ ಸತ್ತ, ತಮ್ಮನ ಮನೆಗೇ ತಿರುಗಿ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಬಾಣಂತಿ ಕಾಸುವುದರಲ್ಲಿ ಅವಳದು ಎತ್ತಿದ ಕೈ. ಹಗ್ಗದ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಕಿವಿಗೆ ಬಟ್ಟೆ ಕಟ್ಟಿ, ಬಾಗಿಲು ಕಿಟಕಿ ಮುಚ್ಚಿ, ಮೈಗೆ ಎಣ್ಣೆ ತಿಕ್ಕಿ ತಾಯಿ ಕೂಸು ಇಬ್ಬರನ್ನೂ ಹದವಾಗಿ ಕಾಸುವಳು. ಸುತ್ತ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಊರಿನ ಅರ್ಧ ಮಂದಿ ಅವಳ ಕೆಂಡದ ಮೇಲೆ ಮಲಗಿಯೇ ಮನುಷ್ಯರಾದವರು, ಹಾಗಾಗಿ ಪಂಚರ ಕಟ್ಟೆಯಲ್ಲಿ ಕೂಡ ಅವಳ ಎದುರಿಗೆ ಯಾರೂ ದೊಡ್ಡ ದನಿ ತೆಗೆಯುತ್ತಿರಲಿಲ್ಲ.

ಹುಲ್ಲಪ್ಪನಿಗೆ ಲಕ್ವಾ ಹೊಡೆದ ದಿನ ಮಾಯವ್ವ ಊರಲ್ಲಿರಲಿಲ್ಲ. ಹುನಗುಂದದ ಕಡೆ ಒಂದು ಬಾಣಂತನಕ್ಕೆ ಹೋಗಿದ್ದಳು. ಮಗ್ಗದಲ್ಲಿ ಕುಳಿತವನ ಬಲಗೈಯಿಂದ ಲಾಳಿ ಜಾರಿತು. ಎತ್ತಿಕೊಡು ಎಂದು ಹೇಳಲು ಹೋದವನ ಬಾಯಿ ಒಂದು ಕಡೆಗೆ ವಾರೆಯಾಯಿತು, ಮಾತಿನ ಬದಲು ಬರೀ ಜೊಲ್ಲು ಬಂತು. ಸೋಮವ್ವ ಯಾರನ್ನೂ ಕೇಳಲಿಲ್ಲ. ಹತ್ತಿ ಹೇರಿಕೊಂಡು ಹೊರಟಿದ್ದ ಲಾರಿಯನ್ನು ಅಡ್ಡಗಟ್ಟಿ, ಗಂಡನನ್ನು ಅಂಡಿಗೆಗಳ ಮೇಲೆ ಮಲಗಿಸಿಕೊಂಡು ಬಾಗಲಕೋಟೆಯ ದವಾಖಾನೆಗೆ ಒಯ್ದಳು. ಮಾಯವ್ವ ಮನೆಯಲ್ಲಿದ್ದಿದ್ದರೆ ಆ ಲಾರಿ ಅದರ ಪಾಡಿಗೆ ಅದು ಹೋಗುತ್ತಿತ್ತು.

*

ದವಾಖಾನೆಯಲ್ಲಿ ಹುಲ್ಲಪ್ಪನಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಶುರುವಾಗಿ ಮೈ ಕಾದ ಹಂಚಾಯಿತು. ಸೋಮವ್ವ ರೂಢಿಯಂತೆ ಮನೆಯಿಂದ ತಂದ ಕಂಬಳಿ ಹೊದಿಸಿ, ಕಿವಿಗೆ ಬಟ್ಟೆ ಸುತ್ತಿ ಕುಳಿತಿದ್ದಳು. ಡಾಕ್ಟರಬಾಯಿ ಬಂದವಳೇ ಅದನ್ನೆಲ್ಲ ಕಿತ್ತು ಕೆಳಗೆ ಹಾಕಿದಳು. ಮೈಸೂರು ಕಡೆಯವಳು, ವಯಸ್ಸು ಚಿಕ್ಕದು, ಮಾತು ಪುಸ್ತಕದ ಮಾತಿನಂತೆ ಇತ್ತು.

“ಅಮ್ಮ, ಇವರ ಮಿದುಳಿಗೆ ಪೆಟ್ಟಾಗಿದೆ. ಜ್ವರ ಏರಿದರೆ ಆ ಪೆಟ್ಟು ಇನ್ನೂ ದೊಡ್ಡದಾಗುತ್ತದೆ. ನಾನು ಔಷಧಿ ಕೊಡುತ್ತೇನೆ. ಆದರೆ ಮೈ ತಣ್ಣಗಿಡುವುದು ನಿಮ್ಮ ಕೆಲಸ.”

ಎಲ್ಲೆಲ್ಲಿ ಒದ್ದೆ ಬಟ್ಟೆ ಇಡಬೇಕೆಂದು ಕೈಹಿಡಿದು ತೋರಿಸಿದಳು. ಹಣೆ, ಕುತ್ತಿಗೆ, ಕಂಕುಳು, ತೊಡೆಯ ಸಂದು. ನಳದ ನೀರು ಸಾಕು, ಬರ್ಫದ ಗಡ್ಡೆ ಬೇಡ, ನಡುಕ ಬಂದರೆ ನಿಲ್ಲಿಸಬೇಕು, ಕಿಟಕಿ ತೆರೆದಿರಬೇಕು. ಬದುಕುತ್ತಾನೆಯೇ ಎಂದು ಸೋಮವ್ವ ಕೇಳಿದಳು. ಅದನ್ನು ಹೇಳಲಾಗದು, ಜ್ವರ ಇಳಿಸಿದರೆ ಬದುಕುವ ದಾರಿ ತೆರೆದಿರುತ್ತದೆ, ಅಷ್ಟೇ ಎಂದಳು ಡಾಕ್ಟರಬಾಯಿ.

ವಾಯು ಬಡಿದ ಮೈಗೆ ತಣ್ಣೀರು ಸೋಕಿಸುವುದೆಂದರೆ ಸೋಮವ್ವ ಹುಟ್ಟಿದಾಗಿನಿಂದ ಕೇಳಿದ್ದಕ್ಕೆಲ್ಲ ತದ್ವಿರುದ್ಧ. ಆದರೂ ಮೊದಲ ಬಟ್ಟೆ ಹಿಂಡಿ ಹಣೆಯ ಮೇಲೆ ಇಟ್ಟಳು. ಬಟ್ಟೆ ಬಿಸಿಯಾಯಿತು, ತೆಗೆದು ಅದ್ದಿ ಮತ್ತೆ ಇಟ್ಟಳು. ಸಂಜೆಯ ಹೊತ್ತಿಗೆ ಅವನ ಉಸಿರಿನ ಗೊರಗೊರ ಕಡಿಮೆಯಾಗಿ, ಎಡಗೈ ತಾನಾಗಿ ಎದೆಯ ಮೇಲೆ ಬಂದು ಮಲಗಿತು. ಕಟ್ಟೆಯ ಮೇಲೆ ಮಲಗಿದಾಗ ಅವನು ಕೈ ಇಡುತ್ತಿದ್ದದ್ದು ಹಾಗೆಯೇ. ಸೋಮವ್ವನಿಗೆ ಡಾಕ್ಟರಬಾಯಿಯ ಮಾತಿಗಿಂತ ಆ ಕೈ ಖರೆ ಅನ್ನಿಸಿತು.

ಪಕ್ಕದ ಮಂಚದಲ್ಲಿ ಇಳಕಲ್ಲಿನ ಬಾಬುಸಾಬ ಇದ್ದ. ಅವನಿಗೂ ಲಕ್ವಾ, ಹುಲ್ಲಪ್ಪನಿಗಿಂತ ಜೋರು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಅವನ ಹೆಂಡತಿ ದೌಲತಬಿ ಎರಡು ದುಪ್ಪಟಿ ಹೊದಿಸಿ ಕಾಲಿನ ಹತ್ತಿರ ಕುಳಿತು ಅಳುತ್ತಿದ್ದಳು. ನರ್ಸು ಬೈದು ಹೋದರೂ ಅವಳಿಗೆ ದುಪ್ಪಟಿ ತೆಗೆಯುವ ಧೈರ್ಯ ಬರಲಿಲ್ಲ. ಸೋಮವ್ವ ಎದ್ದು ಹೋಗಿ ತಾನೇ ಎಳೆದು ಹಾಕಿ, ತನ್ನ ಸೀರೆಯ ಹಳೇ ತುಂಡೊಂದನ್ನು ಒದ್ದೆ ಮಾಡಿ ಬಾಬುಸಾಬನ ಹಣೆಗೆ ಇಟ್ಟಳು. ಅಂದಿನಿಂದ ಒಬ್ಬಳು ನಳದಿಂದ ನೀರು ತರುವುದು, ಇನ್ನೊಬ್ಬಳು ಎರಡೂ ಮಂಚದ ಬಟ್ಟೆ ಬದಲಿಸುವುದು ಎಂದಾಯಿತು. ನಾಲ್ಕಾರು ದಿನಕ್ಕೆ ಹುಲ್ಲಪ್ಪನ ಜ್ವರ ಇಳಿಯತೊಡಗಿತು. ಚಮಚದಲ್ಲಿ ಗಂಜಿ ಹಾಕಿದರೆ ನುಂಗಿದ. ಸತ್ತಂತಿದ್ದ ಬಲಗಾಲಿನ ಹೆಬ್ಬೆರಳು ಒಮ್ಮೆ ಅಲುಗಿತು. ಸೋಮವ್ವ ದೌಲತಬಿಯನ್ನು ಕರೆದು ತೋರಿಸಿದಳು, ಇಬ್ಬರೂ ಆ ಬೆರಳನ್ನೇ ನೋಡುತ್ತ ಕುಳಿತರು.

ಆ ಮಧ್ಯಾಹ್ನವೇ, ದೌಲತಬಿ ಔಷಧಿ ತರಲು ಪೇಟೆಗೆ ಹೋಗಿದ್ದಾಗ, ಸುದ್ದಿ ತಿಳಿದು ಮಾಯವ್ವ ಗುರಲಿಂಗಪ್ಪನ ಜೊತೆ ದವಾಖಾನೆಗೆ ಬಂದಳು. ತೆರೆದ ಕಿಟಕಿಯ ಪಕ್ಕ, ಮೇಲೆ ಗರಗರ ತಿರುಗುವ ಫ್ಯಾನಿನ ಕೆಳಗೆ, ಅಂಗಿಯಿಲ್ಲದೆ, ಕಂಕುಳಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದ ತಮ್ಮನನ್ನು ಕಂಡಳು. ಅವಳ ಗಂಟಲಿನಿಂದ ಬಂದ ದನಿಗೆ ವಾರ್ಡೇ ಎದ್ದು ಕುಳಿತಿತು. ಹುಲ್ಲಪ್ಪ ಅಕ್ಕನನ್ನು ನೋಡಿ ಅತ್ತ. ಮನೆಗೆ ಕರಕೊಂಡು ಹೋಗು ಎಂದು ಅಳುತ್ತಿದ್ದಾನೆ ಎಂದಳು ಅವಳು. ಡಾಕ್ಟರಬಾಯಿ ಕೈಮುಗಿದು ಬೇಡವೆಂದಳು, ಸೋಮವ್ವ ಕಾಲು ಹಿಡಿದಳು. ಗುರಲಿಂಗಪ್ಪ ಒಂದು ಗಳಿಗೆ ಅತ್ತ ಇತ್ತ ನೋಡಿ, ಕೂಸಿದ್ದಾಗ ತನ್ನನ್ನು ಕಾಸಿದವಳ ಮಾತು ಮೀರಲಾರದೆ, ಅಣ್ಣನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

*

ಹೊತ್ತು ನೆತ್ತಿಗೆ ಬರುತ್ತಿದ್ದರೂ ರಂಗವ್ವ ಬಂದಿರಲಿಲ್ಲ. ಪಡಸಾಲೆಯ ಹೆಂಗಸರು ಅಳುವ ನಡುವೆ ಬಿಡುವು ಮಾಡಿಕೊಂಡು ಪಿಸುಮಾತಿಗೆ ಇಳಿದಿದ್ದರು. ದವಾಖಾನೆಯಲ್ಲಿ ಹಗಲೂ ರಾತ್ರಿ ತಣ್ಣೀರು ಸುರಿದಳಂತೆ, ಥಂಡಿ ಎಲುಬಿಗೆ ಇಳಿದಿತ್ತಂತೆ, ಅಂಥ ಮಾಯವ್ವ ಕಾಸಿದರೂ ಅದು ಹೊರಗೆ ಬರಲಿಲ್ಲವಂತೆ. ಸೋಮವ್ವ ಕೇಳಿಸಿಕೊಳ್ಳಲಿ ಎಂದೇ ಒಬ್ಬಿಬ್ಬರು ದನಿ ಸ್ವಲ್ಪ ಎತ್ತರಿಸಿದ್ದರು. ಅವಳು ಮಗ್ಗದ ಕುಣಿಯ ಅಂಚಿಗೆ ಕುಳಿತು, ಮುಕ್ಕಾಲು ನೇಯ್ದ ಕಂಬಳಿಯನ್ನು ನೋಡುತ್ತಿದ್ದಳು.

ಗುರಲಿಂಗಪ್ಪ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಬಹಳ ಹೊತ್ತು ನೆಲ ಕೆರೆದ. ಆಮೇಲೆ ಮೆಲ್ಲಗೆ ಹೇಳಿದ.

“ಯಕ್ಕನ ಕಾಲಿಗೆ ಬಿದ್ದ ತಪ್ಪಾತು ಅಂದ್ಬಿಡ್ರಿ ಅತ್ತಿಗಿ. ಅಂದ್ರ ನೀರ ಹಾಕಾಕ ಬಿಡ್ತಾಳ. ನಾ ಮಾತಾಡೇನಿ.”

“ಏನ ತಪ್ಪಾತು ಅನ್ಲಿ?”

“ಏನರೆ ಅನ್ರಿ. ತಣ್ಣೀರ ಹಾಕಬಾರ್ದಿತ್ತು ಅನ್ರಿ. ಹೋದಾಂವ ಹೋದ. ಇದ್ದವ್ರು ಊರಾಗ ಬಾಳೇ ಮಾಡ್ಬೇಕಲ್ಲ.”

“ಅಂವಾ ಗಂಜಿ ಕುಡದಿದ್ದ. ಬೆರಳ ಅಲಗಿಸಿದ್ದ. ಹೊತ್ತ ತಂದಾಂವ ನೀನು,” ಅಂದಳು ಸೋಮವ್ವ.

ಗುರಲಿಂಗಪ್ಪನ ಮುಖ ಸಣ್ಣದಾಯಿತು. ಅವನು ಕೆಟ್ಟವನಲ್ಲ. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದೇ ದೊಡ್ಡ ತೊಂದರೆ. ಒಬ್ಬ ಕೆಟ್ಟವನಿದ್ದಿದ್ದರೆ ಸೋಮವ್ವ ಅವನ ಮೇಲೆ ಹರಿಹಾಯ್ದು ಎದೆ ಹಗುರ ಮಾಡಿಕೊಳ್ಳುತ್ತಿದ್ದಳು. ಅವನು ತಲೆ ತಗ್ಗಿಸಿ, ವಿಚಾರ ಮಾಡ್ರಿ ಎಂದಷ್ಟೇ ಹೇಳಿ ಎದ್ದು ಹೋದ.

ವಿಚಾರ ಮಾಡುವುದೇನು ಉಳಿದಿತ್ತು? ತಪ್ಪಾಯಿತು ಅಂದರೆ ನೀರು ಹಾಕಬಹುದು. ಆದರೆ ಗಂಡನನ್ನು ತಾನೇ ಕೊಂದೆನೆಂದು ಊರೆದುರು ಒಪ್ಪಿ ಹಾಕಿದ ನೀರು ಅದಾಗುತ್ತದೆ. ಅನ್ನದಿದ್ದರೆ ನೀರೂ ಇಲ್ಲ, ಹೆಸರೂ ಇಲ್ಲ. ಮೂರನೆಯ ದಾರಿಯೊಂದಿತ್ತು. ಎದ್ದು ಹೋಗಿ, ನಡುಮನೆಯಲ್ಲಿ ನಿಂತು, ಆ ಹಿಂದಿನ ಕೋಣೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು. ಮುಂಜಾನೆಯಿಂದ ಅವಳು ಅದನ್ನು ನಾಲಿಗೆಯ ತುದಿಗೆ ತಂದುಕೊಳ್ಳುತ್ತಿದ್ದಳು, ಒಳಗೆ ನೂಕುತ್ತಿದ್ದಳು.

*

ಹಿಂದಿನ ಕೋಣೆಯ ಕಿಟಕಿಗೆ ಮಾಯವ್ವ ಗೋಣಿಚೀಲ ಹೊಡೆದಳು. ಹೊರಸು ಹಾಕಿಸಿ, ಅದರ ಕೆಳಗೆ ಜಾಲಿ ಕಟ್ಟಿಗೆಯ ಕೆಂಡ ತುಂಬಿದ ಅಗ್ಗಿಷ್ಟಿಗೆ ಎರಡು ಇಟ್ಟಳು. ಬಾಣಂತಿಗಾದರೆ ಒಂದೇ ಸಾಕು, ಇದು ಗಂಡಸಿನ ಮೈ ಎಂದಳು. ಔಡಲ ಎಣ್ಣೆಯಲ್ಲಿ ಬಳ್ಳೊಳ್ಳಿ ಹುರಿದು ಸತ್ತ ಕೈಕಾಲಿಗೆ ತಿಕ್ಕಿದಳು, ಎಲೆ ಕಾಸಿ ಕಟ್ಟಿದಳು. ಕಿವಿಗೆ ಬಟ್ಟೆ, ತಲೆಗೆ ರುಮಾಲು, ಮೇಲೆ ಅವನೇ ನೇಯ್ದ ಎರಡು ಕಂಬಳಿ. ಬಾಗಿಲು ಹಾಕಿಕೊಂಡಳು.

ಮೊದಲ ಎರಡು ವಾರ ಅವನು ಬೆವರಿದ. ಬೆವರು ಹೊರಸಿನ ಹಗ್ಗದಿಂದ ಕೆಂಡದ ಮೇಲೆ ತೊಟ್ಟಿಕ್ಕಿ ಚುಯ್ ಎನ್ನುತ್ತಿತ್ತು. ವಾಯು ಬಿಡುತ್ತಿದೆ ಎಂದು ಮಾಯವ್ವ ಹಿಗ್ಗಿ ಹೋಗಿ, ಬೀರಪ್ಪನಿಗೆ ಕಾಯಿ ಒಡೆಸಿದಳು. ಆಮೇಲೆ ಬೆವರು ನಿಂತಿತು. ಚರ್ಮ ಒಣಗಿ, ಮುಟ್ಟಿದರೆ ಕೈ ಹಿಂದೆ ತೆಗೆಯುವಂತಾಯಿತು. ಗಂಟಲ ಗೊರಗೊರ ಮತ್ತೆ ಬಂತು.

ಸೋಮವ್ವ ಒಳಗೆ ನುಗ್ಗಿ ಕಂಬಳಿ ಎಳೆದಳು. ಮಾಯವ್ವ ಅವಳ ಕೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು.

“ರಂಗಿ ಹುಟ್ಟಿದಾಗ ನಿನ್ನ ಕಾಸಿದಾಕಿ ನಾ. ನೀ ಸತ್ತೇನ? ನಿನ್ನ ಕೂಸ ಸತ್ತೇನ? ತಾಯಿ ಇಲ್ಲದ ಕೂಸಿದ್ದಾಗ ಇವನ್ನ ಕಾಸೇ ಉಳಿಸೀನಿ. ಇವತ್ತ ಸಾಯಾಕ ಬಿಡ್ತೇನೇನ?”

ಇದಕ್ಕೆ ಎದುರಾಗಿ ಸೋಮವ್ವನ ಹತ್ತಿರ ಇದ್ದದ್ದು ಒಬ್ಬ ಪರವೂರ ಹುಡುಗಿಯ ಮಾತು ಮಾತ್ರ. ಅವಳು ಡಾಕ್ಟರಬಾಯಿಯ ಹೆಸರೆತ್ತಿದಳು. ಆಕೆ ಎಷ್ಟು ಹಡೆದಿದ್ದಾಳೆ, ಎಷ್ಟು ಜನರನ್ನು ಕಾಸಿದ್ದಾಳೆ ಎಂದು ಮಾಯವ್ವ ಕೇಳಿದಳು. ಜ್ವರ ತಲೆಗೆ ಏರಿದರೆ ಏನಾಗುತ್ತದೆಂದು ಡಾಕ್ಟರಬಾಯಿ ಹೇಳಿದ್ದನ್ನು ಪೂರ್ತಿ ಹೇಳುವ ಮೊದಲೇ, ಹೊರಗೆ ಹೋಗು, ಗಾಳಿ ಬರುತ್ತದೆ ಎಂದು ಬಾಗಿಲು ಹಾಕಿಕೊಂಡಳು. ಸೋಮವ್ವ ಬಾಗಿಲ ಹೊರಗೆ ಕುಳಿತಳು. ಓಣಿಯೆಲ್ಲ ಮಾಯವ್ವನ ಕಡೆಗೇ ಇತ್ತು. ನಿಜ ಹೇಳಬೇಕೆಂದರೆ, ಕಾಸಿದರೆ ಉಳಿಯಬಹುದೇನೋ ಎಂಬ ಆಸೆ ಅವಳ ಎದೆಯ ಒಂದು ಮೂಲೆಯಲ್ಲೂ ಇತ್ತು. ಎರಡು ದಿನ ಬಿಟ್ಟು, ಕೆಂಡ ಆರಿದೆ ಎಂದು ಒಳಗಿನಿಂದ ಕೂಗಿದಾಗ, ಹೊಸ ಕೆಂಡವನ್ನು ಸಲಿಕೆಯಲ್ಲಿ ಹೊತ್ತು ಒಳಗೆ ಒಯ್ದವಳು ಅವಳೇ.

ಆಗ ಕಂಡದ್ದನ್ನು ಅವಳು ಮರೆಯುವಂತಿರಲಿಲ್ಲ. ಹುಲ್ಲಪ್ಪನ ಒಳ್ಳೆಯ ಕೈ, ಎಡಗೈ, ಕಂಬಳಿಯನ್ನು ಮೈಮೇಲಿಂದ ನೂಕುತ್ತಿತ್ತು. ಮಾಯವ್ವ ಹೊದಿಸುವಳು, ಅದು ನೂಕುವುದು. ಕಡೆಗೆ ಮಾಯವ್ವ ತನ್ನ ಮೆತ್ತನೆಯ ಹಳೇ ಸೀರೆಯ ಅಂಚು ಹರಿದು, ನೋವಾಗದಂತೆ ಎರಡು ಸುತ್ತು ಸುತ್ತಿ, ಆ ಕೈಯನ್ನು ಹೊರಸಿನ ಗಳಕ್ಕೆ ಕಟ್ಟಿದಳು. ಕಟ್ಟಿ, ಅದರ ಬೆರಳಿಗೆ ಮುತ್ತು ಕೊಟ್ಟಳು. ಅವಳ ಅಂಗೈಗಳಲ್ಲಿ ಕೆಂಡ ತಾಗಿ ಬೊಬ್ಬೆ ಎದ್ದಿದ್ದವು. ಅವಳು ಉಂಡು ಎಷ್ಟೋ ದಿನವಾಗಿತ್ತು.

ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಎರಡು ಸಲ ಸೆಟೆದ, ಉಸಿರು ಹಾಗೇ ನಿಂತುಹೋಯಿತು.

*

ರಂಗವ್ವ ಬಂದಳು. ಬಸ್ ಸ್ಟ್ಯಾಂಡಿನಿಂದಲೇ ಎದೆ ಬಡಿದುಕೊಳ್ಳುತ್ತ ಓಡಿಬಂದವಳು ಅಪ್ಪನ ಕಾಲ ಮೇಲೆ ಬಿದ್ದಳು. ಇನ್ನು ತಡ ಮಾಡುವಂತಿರಲಿಲ್ಲ. ಕುಣಿ ತೋಡಿದವರು ಬಂದು ಕಟ್ಟೆಯ ಹತ್ತಿರ ನಿಂತಿದ್ದರು. ಹೆಣವನ್ನು ಹೊರಗೆ ತಂದು ಬೇವಿನ ಗಿಡದ ಕೆಳಗಿನ ಚಪ್ಪಡಿಯ ಮೇಲೆ ಕೂರಿಸಿದರು, ಹಿಂದಿನಿಂದ ಇಬ್ಬರು ಭುಜ ಹಿಡಿದುಕೊಂಡರು. ಮಾಯವ್ವ ತಾನೇ ಕಾಯಿಸಿದ ನೀರನ್ನು ತಂದಿಟ್ಟು, ಚೊಂಬನ್ನು ರಂಗವ್ವನ ಕೈಗೆ ಕೊಟ್ಟಳು. ಮೊದಲ ನೀರು ಮಗಳೇ ಹಾಕಲಿ ಎಂದಳು. ರಂಗವ್ವ ತಾಯಿಯ ಕಡೆ ನೋಡಿದಳು. ಸೋಮವ್ವ ನೆರೆದ ಹೆಂಗಸರ ಹಿಂದೆ, ದನ ಕಟ್ಟುವ ಗೂಟದ ಹತ್ತಿರ ಒಬ್ಬಳೇ ನಿಂತಿದ್ದಳು.

ಆಗ ಓಣಿಯ ತಿರುವಿನಲ್ಲಿ ಒಂದು ಬಾಡಿಗೆ ಗಾಡಿ ನಿಂತು, ಅದರಿಂದ ಒಬ್ಬ ಗಂಡಸು ಇಳಿದ. ಇಳಿದ ಎನ್ನುವುದಕ್ಕಿಂತ ಅವನ ಹೆಂಡತಿ ಇಳಿಸಿದಳು ಎನ್ನಬೇಕು. ಬಲಗೈ ಜೋತು ಬಿದ್ದಿತ್ತು. ಎಡಗೈಯಲ್ಲಿ ಕೋಲು ಊರಿ, ಬಲಗಾಲನ್ನು ಮಣ್ಣಿನಲ್ಲಿ ಎಳೆಯುತ್ತ, ಒಂದೊಂದು ಹೆಜ್ಜೆಗೂ ನಿಂತು ಉಸಿರು ಹಾಕುತ್ತ ಬಂದ. ಜನ ತಾವಾಗಿ ದಾರಿ ಬಿಟ್ಟರು. ಲಕ್ವಾ ಹೊಡೆದವನೆಂದು ಯಾರೂ ಹೇಳಬೇಕಾಗಿರಲಿಲ್ಲ. ಲಕ್ವಾ ಹೊಡೆದು ನಡೆಯುತ್ತಿದ್ದವನು.

ದೌಲತಬಿ ಗಂಡನನ್ನು ಕಟ್ಟೆಗೆ ಕೂರಿಸಿ, ಸೋಮವ್ವನನ್ನು ಹುಡುಕಿ, ಅಪ್ಪಿಕೊಂಡು ಅತ್ತಳು. ಇಳಕಲ್ಲಿಗೆ ಬಂದ ಕಂಬಳಿ ವ್ಯಾಪಾರಿಯೊಬ್ಬನಿಂದ ಸುದ್ದಿ ತಿಳಿಯಿತಂತೆ, ಗಂಡ ತಾನೂ ಬರುತ್ತೇನೆಂದು ಹಟ ಹಿಡಿದನಂತೆ. ಹೇಳುತ್ತ ಹೇಳುತ್ತ ಅವಳಿಗೆ ಸೋಮವ್ವ ನಿಂತ ಜಾಗ ಕಣ್ಣಿಗೆ ಬಿತ್ತು. ಇಲ್ಲೇಕೆ ನಿಂತಿದ್ದೀ ಎಂದು ಕೈಹಿಡಿದು ಮುಂದಕ್ಕೆ ಎಳೆದಳು. ಸೋಮವ್ವ ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮಾಯವ್ವ ಸೆಟೆದು ನಿಂತಳು. ದೌಲತಬಿಗೆ ಏನು ಗೊತ್ತು? ಸತ್ತವನ ತಾಯಿಯೆಂದು ತಿಳಿದು ಮುದುಕಿಯ ಕಾಲು ಮುಟ್ಟಿದಳು.

“ನಿಮ್ಮ ಸೊಸಿಯಿಂದ ನಮ್ಮವ್ರ ಜೀವ ಉಳೀತ್ರಿ ಯವ್ವಾ. ಈಕಿ ಹಾಕಿದ ನೀರಽ ಅವ್ರನ್ನ ಉಳಿಸ್ತು. ನನಗ ಕೈನಽ ಏಳ್ತಿರಲಿಲ್ಲ.”

ಮಾಯವ್ವ ಕಟ್ಟೆಯ ಮೇಲೆ ಕುಳಿತ ಬಾಬುಸಾಬನನ್ನು ನೋಡುತ್ತಿದ್ದಳು. ಜೋತುಬಿದ್ದ ಕೈ, ವಾರೆ ಬಾಯಿ, ಅದರೊಳಗೆ ಮೇಲೆ ಕೆಳಗೆ ಆಡುತ್ತಿದ್ದ ಉಸಿರು. ಬಹಳ ವರ್ಷ ಒಂದೇ ಕಸಬು ಮಾಡಿದ ಕಣ್ಣು ಅದು, ಮೈ ನೋಡಿ ರೋಗ ಅಳೆಯಬಲ್ಲದು.

“ಇವರಿಗೆ ಭಾಳ ಜೋರ ಹೊಡದಿತ್ತೇನ?” ಎಂದು ಕೇಳಿದಳು.

ಹುಲ್ಲಪ್ಪಣ್ಣನಿಗಿಂತ ಜೋರು, ಡಾಕ್ಟರಬಾಯಿ ಆಸೆ ಬಿಟ್ಟಿದ್ದಳು ಎಂದಳು ದೌಲತಬಿ.

“ಎಷ್ಟ ದಿನ ಕಾಸಿದ್ರಿ?”

ಅದೇ ಹೊತ್ತಿಗೆ ಸೋಮವ್ವ ದೌಲತಬಿಯ ಕೈಯನ್ನು ಗಟ್ಟಿಯಾಗಿ ಅದುಮಿದಳು. ಮುಂಜಾನೆಯಿಂದ ಯಾರಾದರೂ ಇದನ್ನು ಹೇಳಲಿ ಎಂದು ಹಾರೈಸಿದ್ದವಳು ಅವಳೇ, ಈಗ ಹೇಳಬೇಡ ಎಂದು ಅದುಮಿದವಳೂ ಅವಳೇ. ದೌಲತಬಿಗೆ ಅದು ತಿಳಿಯಲಿಲ್ಲ.

“ಕಾಸೂದಾ? ಇಲ್ರಿ ಯವ್ವಾ. ಬಿಸಿ ಸೋಕಸ್ಬ್ಯಾಡ್ರಿ ಅಂದಿದ್ಲು ಡಾಕ್ಟರಬಾಯಿ. ಜ್ವರ ಏರಿದ್ರ ತಲಿಯೊಳಗಿಂದೆಲ್ಲ ಸುಟ್ಟ ಹೋಗ್ತೈತಿ, ಮನಷ್ಯಾ ಉಳಿಯೂದಿಲ್ಲ ಅಂದಿದ್ಲು. ನಮ್ಮಿಬ್ಬರಿಗೂ ನಿಂದ್ರಿಸಿ ಹೇಳಿದ್ಲು.”

ಗುರಲಿಂಗಪ್ಪ ಮುಖ ಆಚೆ ತಿರುಗಿಸಿಕೊಂಡ. ಮಾಯವ್ವ ನಿಧಾನವಾಗಿ ಸೋಮವ್ವನ ಕಡೆ ನೋಡಿದಳು.

“ಖರೆ ಏನ ಸೋಮವ್ವಾ?”

“ಎಲ್ಲಾರ ಮೈ ಒಂದ ನಮೂನಿ ಇರೂದಿಲ್ಲ ಯಕ್ಕಾ.”

“ಅದನ್ನ ಕೇಳಿಲ್ಲ ನಾ. ನಿನಗ ಹೇಳಿದ್ಲೇನ?”

ಸೋಮವ್ವನಿಗೆ ಸುಳ್ಳು ಬೇಕಾಗಿತ್ತು. ಒಂದು ಸಣ್ಣ ಸುಳ್ಳು, ಯಾವುದಾದರೂ ಸರಿ. ಮುದುಕಿಯ ಅಂಗೈಯ ಬೊಬ್ಬೆಗಳು ಕಾಣುತ್ತಿದ್ದವು. ಬಾಯಿಗೆ ಬಂದದ್ದು ಮಾತ್ರ ನಿಜವೇ.

“ಹೇಳಿದ್ಲು.”

ಮಾಯವ್ವ ತಲೆ ಅಲ್ಲಾಡಿಸಿದಳು, ಯಾರೋ ದಾರಿ ಹೇಳಿದ್ದಕ್ಕೆ ಹೂಂ ಅಂದಂತೆ. ಅಳಲಿಲ್ಲ. ರಂಗವ್ವನ ಕೈಯಿಂದ ಚೊಂಬು ತೆಗೆದುಕೊಂಡು, ಅದರಲ್ಲಿದ್ದ ಬಿಸಿನೀರನ್ನು ಗಿಡದ ಬುಡಕ್ಕೆ ಚೆಲ್ಲಿದಳು. ಒಳಗೆ ಹೋದಳು. ಕುಡಿಯುವ ನೀರಿನ ಗಡಿಗೆಯನ್ನೇ ಸೊಂಟದ ಮೇಲೆ ಇಟ್ಟುಕೊಂಡು ಬಂದು, ಹೆಣದ ಮುಂದೆ ಕುಳಿತಳು. ಹೆಗಲ ಮೇಲಿನ ಸೆರಗನ್ನು ಗಡಿಗೆಯಲ್ಲಿ ಅದ್ದಿ, ಹಿಂಡಿ, ತಮ್ಮನ ಹಣೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಹಿಡಿದಿದ್ದು, ತೆಗೆದು ಮತ್ತೆ ಅದ್ದಿದಳು. ಕುತ್ತಿಗೆಗೆ ಇಟ್ಟಳು. ಹಿಂದಿನಿಂದ ಭುಜ ಹಿಡಿದವರು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಹೆಣದ ತೋಳನ್ನು ಎತ್ತಲು ನೋಡಿದಳು, ಅದು ಬಿರುಸಾಗಿತ್ತು, ಆದರೂ ಸಂದಿಯಲ್ಲಿ ಬಟ್ಟೆ ತುರುಕಿದಳು.

ಬಿಸಿಲು ಜಾರತೊಡಗಿತ್ತು. ಕುಣಿ ತೋಡಿದವರಲ್ಲಿ ಒಬ್ಬ ಗುರಲಿಂಗಪ್ಪನ ಕಿವಿಯಲ್ಲಿ ಏನೋ ಹೇಳಿದ. ಗುರಲಿಂಗಪ್ಪ ಮುಂದೆ ಬಂದು, ಯಕ್ಕಾ, ಸಾಕು ಎಂದು ಭುಜ ಮುಟ್ಟಿದ. ಮಾಯವ್ವನಿಗೆ ಅದು ಗೊತ್ತಾಗಲೇ ಇಲ್ಲ. ಅದ್ದುವುದು, ಹಿಂಡುವುದು, ಇಡುವುದು. ಗಡಿಗೆಯ ನೀರು ಅರ್ಧಕ್ಕೆ ಇಳಿದಿತ್ತು.

“ಸೋಮವ್ವಾ, ನೀ ಬಲ್ಲಿ,” ಅಂದಳು ತಲೆ ಎತ್ತದೆ. “ನೋಡ ಬಾ. ಜ್ವರ ಇಳೀತೇನ?”

ಹೆಂಗಸರು ಸರಿದು ಜಾಗ ಬಿಟ್ಟರು. ಸೋಮವ್ವ ಬಂದು ಅವಳ ಪಕ್ಕ ಮೊಣಕಾಲೂರಿ ಕುಳಿತು, ಗಂಡನ ಕುತ್ತಿಗೆಗೆ ಕೈಯ ಹಿಂಬದಿ ಇಟ್ಟು ನೋಡಿದಳು.

“ಇಳೀತು ಯಕ್ಕಾ,” ಅಂದಳು.

ಮಾಯವ್ವ ಸೆರಗನ್ನು ಮತ್ತೆ ನೀರಿಗೆ ಅದ್ದಿದಳು.